ಹಾದಿಯ ಸಂಜ್ಞೆ

ಮಾತು ಮುಟ್ಟದ ಎಡೆಯಲ್ಲಿಯೂ ಮನುಷ್ಯನು ತನ್ನ ಮನಸ್ಸನ್ನು ತಿಳಿಸಬಲ್ಲನು. ತಲೆಯಾಡಿಸಿ ಒಪ್ಪಿಗೆ ಕೊಡುತ್ತಾನೆ. ಕೈಸನ್ನೆಯಿಂದ ಹತ್ತಿರ ಕರೆಯುತ್ತಾನೆ. ರಸ್ತೆಯಲ್ಲಿ ವಾಹನ ನಡೆಸುವವರಿಗಂತೂ ಸನ್ನೆಯೇ ಮಾತು. ಮುಂದಿನ ಲಾರಿಯ ಚಾಲಕನ ಮುಖ ಹಿಂದಿನವನಿಗೆ ಕಾಣದು. ಎಂಜಿನ್ನಿನ ಸದ್ದಿನಲ್ಲಿ ಅವನ ಕೂಗು ಕೇಳದು. ಅವನು ಎತ್ತ ತಿರುಗುವನೆಂಬುದನ್ನು ಲಾರಿಯ ಮೂಲೆಯಲ್ಲಿ ಮಿನುಗುವ ಪುಟ್ಟ ಹಳದಿ ದೀಪವೇ ಹೇಳಬೇಕು. ಇದನ್ನೇ ನಾವು ಇಂಡಿಕೇಟರ್ ಎಂದು ಕರೆಯುತ್ತೇವೆ.

ಮೊದಲು ಈ ಕೆಲಸವನ್ನು ಚಾಲಕನ ಕೈಯೇ ಮಾಡುತ್ತಿತ್ತು. ಅಮೆರಿಕದ ಬ್ಯೂಯಿಕ್ ಕಾರುಗಳ 1939ರ ಮಾದರಿಯಲ್ಲಿ ಮಿನುಗುವ ದೀಪಗಳು ಕಾಣಿಸಿಕೊಂಡವು. ಕ್ರಮೇಣ ಅವು ಎಲ್ಲ ದೇಶಗಳಿಗೂ ಹರಡಿದವು. ಆದರೂ ಕೈಸನ್ನೆಗಳು ಮರೆಯಾಗಲಿಲ್ಲ. ಭಾರತದಲ್ಲಿ 1989ರಲ್ಲಿ ಜಾರಿಗೆ ಬಂದ ರಸ್ತೆ ನಿಯಮಗಳು ಅವುಗಳನ್ನು ಸ್ಪಷ್ಟವಾಗಿ ವಿವರಿಸಿದ್ದವು. ಬಲಕ್ಕೆ ತಿರುಗುವವನು ಅಂಗೈ ಮುಂದಕ್ಕಿರುವಂತೆ ಬಲತೋಳನ್ನು ನೇರವಾಗಿ ಹೊರಚಾಚಬೇಕಾಗಿತ್ತು. ಎಡಕ್ಕೆ ತಿರುಗುವವನು ಚಾಚಿದ ತೋಳನ್ನು ಅಪ್ರದಕ್ಷಿಣವಾಗಿ ಸುತ್ತಬೇಕಾಗಿತ್ತು. ಹಿಂದಿನವನಿಗೆ ಮುಂದೆ ಹೋಗಲು ಅನುಮತಿ ಕೊಡುವವನು ತೋಳನ್ನು ಹಿಂದಕ್ಕೂ ಮುಂದಕ್ಕೂ ಬೀಸಬೇಕಾಗಿತ್ತು. ಹೀಗೆ ಒಂದೇ ತೋಳು ಮೂರು ಬೇರೆ ಬೇರೆ ಮಾತುಗಳನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಆಡುತ್ತಿತ್ತು.

ದೀಪಕ್ಕೆ ತೋಳಿನಷ್ಟು ಮಾತು ಬಾರದು. ಅದು ಎಡ, ಬಲ ಎಂಬ ಎರಡನ್ನು ಮಾತ್ರ ಬಲ್ಲದು. ಬೀಸುವ ಕೈಗೆ ಸಮನಾದ ದೀಪವೇ ಇಲ್ಲ. ನಮ್ಮ ಹೆದ್ದಾರಿಗಳಲ್ಲಿ ಕಾಣುವ ಒಂದು ಅಪಾಯಕರ ರೂಢಿಗೆ ಈ ಕೊರತೆಯೇ ಎಡೆಗೊಟ್ಟಿದೆ. ಅನೇಕ ಲಾರಿ ಚಾಲಕರು ‘ನೀನು ಮುಂದೆ ಹೋಗು’ ಎಂದು ಹಿಂದಿನವನಿಗೆ ತಿಳಿಸಲು ಬಲಗಡೆಯ ದೀಪವನ್ನು ಮಿನುಗಿಸುತ್ತಾರೆ. ಆದರೆ ‘ನಾನು ಬಲಕ್ಕೆ ತಿರುಗುತ್ತೇನೆ’ ಎಂಬುದಕ್ಕೂ ಅದೇ ದೀಪವಲ್ಲವೆ? ಹಿಂದಿನವನು ಅದನ್ನು ಅನುಮತಿಯೆಂದು ತಿಳಿದು ಬಲಗಡೆಯಿಂದ ಮುನ್ನುಗ್ಗುತ್ತಾನೆ. ಆ ಕ್ಷಣದಲ್ಲಿಯೇ ಲಾರಿಯು ಬಲಗಡೆಯ ಹಳ್ಳಿಯ ದಾರಿಗೆ ತಿರುಗಿದರೆ ಮುಂದಿನ ಅನಾಹುತವನ್ನು ವಿವರಿಸಬೇಕಾಗಿಲ್ಲ. ಇಬ್ಬರಲ್ಲಿ ಯಾರಿಗೂ ಕೆಡುಕಿನ ಉದ್ದೇಶವಿರಲಿಲ್ಲ. ಒಂದೇ ಸಂಜ್ಞೆಯನ್ನು ಇಬ್ಬರೂ ಬೇರೆ ಬೇರೆಯಾಗಿ ಓದಿದರು, ಅಷ್ಟೆ.

ನಾಲ್ಕೂ ದೀಪಗಳನ್ನು ಒಮ್ಮೆಗೆ ಮಿನುಗಿಸುವ ಅಭ್ಯಾಸವೂ ಇಂಥದೇ. ವಾಹನವು ಕೆಟ್ಟು ದಾರಿಯಲ್ಲಿ ನಿಂತಾಗ ಇತರರನ್ನು ಎಚ್ಚರಿಸುವುದಕ್ಕಾಗಿ ಆ ಏರ್ಪಾಡು ಇದೆ. ಕೆಲವರು ಚೌಕದಲ್ಲಿ ‘ನಾನು ನೇರವಾಗಿ ಹೋಗುತ್ತೇನೆ’ ಎನ್ನಲು ಅದನ್ನು ಬಳಸುತ್ತಾರೆ. ಅಡ್ಡದಾರಿಯಲ್ಲಿ ನಿಂತವನಿಗೆ ಅವುಗಳಲ್ಲಿ ಒಂದು ಪಕ್ಕದ ದೀಪ ಮಾತ್ರ ಕಾಣುತ್ತದೆ. ವಾಹನವು ತನ್ನತ್ತ ತಿರುಗುವುದೆಂದು ಬಗೆದು ಅವನು ಮುಂದೆ ಬರುತ್ತಾನೆ. ನೇರವಾಗಿ ಹೋಗುವವನಿಗೆ ಯಾವ ದೀಪವೂ ಬೇಕಿಲ್ಲವೆಂಬುದನ್ನು ಮರೆಯಬಾರದು.

ಸಂಜ್ಞೆಯು ಸರಿಯಾಗಿದ್ದರೆ ಸಾಲದು, ಸಕಾಲದಲ್ಲಿಯೂ ಇರಬೇಕು. ಈ ದೀಪವು ನಿಮಿಷಕ್ಕೆ 60ಕ್ಕೆ ಕಡಿಮೆಯಿಲ್ಲದಂತೆ, 120ಕ್ಕೆ ಮೀರದಂತೆ ಮಿನುಗಬೇಕೆಂಬುದು ನಿಯಮ. ಸೆಕೆಂಡಿಗೆ ಒಮ್ಮೆ ಮಿನುಗುವ ದೀಪವು ಮೂರು ಬಾರಿ ಮಿನುಗಲು ಸುಮಾರು ಮೂರು ಸೆಕೆಂಡುಗಳು ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ವಾಹನವು ಅಷ್ಟರಲ್ಲಿ 50 ಮೀಟರ್ ದೂರವನ್ನು ಕ್ರಮಿಸಿರುತ್ತದೆ. ಆದುದರಿಂದ ತಿರುಗುತ್ತ ತಿರುಗುತ್ತ ದೀಪ ಹಾಕುವುದು, ಕೆಲಸ ಮುಗಿದ ಮೇಲೆ ಅಪ್ಪಣೆ ಕೇಳಿದಂತೆಯೇ ಸರಿ. ತಿರುಗಿದ ಬಳಿಕ ಅದನ್ನು ಆರಿಸುವುದೂ ಅಷ್ಟೇ ಮುಖ್ಯ. ಕಾರುಗಳಲ್ಲಿ ಸ್ಟೀರಿಂಗ್ ಚಕ್ರವು ನೇರವಾದಾಗ ದೀಪವು ತಾನಾಗಿಯೇ ಆರುತ್ತದೆ. ದ್ವಿಚಕ್ರ ವಾಹನಗಳಲ್ಲಿ ಸಾಮಾನ್ಯವಾಗಿ ಸವಾರನೇ ಅದನ್ನು ಆರಿಸಬೇಕು. ಮರೆತ ದೀಪವು ದಾರಿಯುದ್ದಕ್ಕೂ ಸುಳ್ಳು ಹೇಳುತ್ತ ಹೋಗುತ್ತದೆ.

‘ಹಿಂದೆ ಯಾರೂ ಇಲ್ಲ, ಯಾರಿಗಾಗಿ ದೀಪ ಹಾಕಲಿ?’ ಎಂದು ಕೆಲವರು ಕೇಳುವುದುಂಟು. ಕನ್ನಡಿಯಲ್ಲಿ ಕಾಣದ ಮೂಲೆಯಲ್ಲಿ ಒಬ್ಬ ಸೈಕಲ್ ಸವಾರನಿರಬಹುದು. ಮರದ ನೆರಳಿನಲ್ಲಿ ರಸ್ತೆ ದಾಟಲು ಒಬ್ಬ ಮುದುಕಿ ನಿಂತಿರಬಹುದು. ನಾವು ಯಾರನ್ನು ಕಾಣಲಾರೆವೋ ಅವರಿಗೇ ನಮ್ಮ ಸಂಜ್ಞೆ ಹೆಚ್ಚು ಅವಶ್ಯಕ. ಸಂಜ್ಞೆ ಕೊಡಬೇಕೆಂಬುದನ್ನು 1988ರ ಮೋಟಾರು ವಾಹನಗಳ ಕಾಯಿದೆಯೂ ವಿಧಿಸಿದೆ. ಆದರೆ ಕಾಣದವರ ಚಿಂತೆಯನ್ನು ಕಾಯಿದೆಯೊಂದೇ ಕಲಿಸಲಾರದು. ಅದು ಅಭ್ಯಾಸದಿಂದ ಬರಬೇಕು.

ಸೈಕಲ್ಲಿನಲ್ಲಿ ಶಾಲೆಗೆ ಬರುವ ವಿದ್ಯಾರ್ಥಿಗೆ ಈ ಅಭ್ಯಾಸವನ್ನು ಇಂದೇ ಆರಂಭಿಸಲು ಸಾಧ್ಯವಿದೆ. ಅವನ ಸೈಕಲ್ಲಿಗೆ ದೀಪವಿಲ್ಲದಿರಬಹುದು, ಕೈಯಂತೂ ಇದೆ. ತಿರುಗುವ ಮುನ್ನ ಹಿಂದೆ ನೋಡಿ, ತಿರುಗುವ ಕಡೆಗೆ ಕೈಚಾಚಿ, ಇತರರು ಕಂಡರೆಂಬುದು ಖಚಿತವಾದ ಮೇಲೆ ತಿರುಗುವವನು ಮುಂದೆ ಯಾವ ವಾಹನವನ್ನು ನಡೆಸಿದರೂ ನಂಬಿಕೆಗೆ ಯೋಗ್ಯನಾಗಿರುತ್ತಾನೆ. ಮುಂದಿನವನು ಹೇಳಿದಂತೆಯೇ ನಡೆಯುವನೆಂಬ ಭರವಸೆಯಿಂದಲೇ ರಸ್ತೆಯಲ್ಲಿ ಒಬ್ಬರಿಗೊಬ್ಬರು ಪ್ರಾಣವನ್ನು ಒಪ್ಪಿಸಿರುತ್ತಾರೆ. ಆ ಭರವಸೆಯನ್ನು ಉಳಿಸುವುದು ಪ್ರತಿಯೊಬ್ಬ ಚಾಲಕನ ಕರ್ತವ್ಯ.