ಹನಿಯೊಳಗಿನ ನೀರು ಬೇರೇನೇ ನೀರು

ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವರು ನಾವು. ಕಾಗುಣಿತ ತಪ್ಪಿದ್ರೆ ಸೀನಿಯರ್‌ಗಳು ಹೊಟ್ಟೆಗೆ ಹಾಕ್ಕೋಬೇಕು.

ವಿಷಯ ಶುರುವಾಗಿದ್ದು ರಾಮಥಾಳದ ಹೊಲದಲ್ಲಿ. ಆ ಊರಿನ ಹೆಸರು ಹೇಳಿದ್ರೆ ಎಲ್ಲರಿಗೂ ನೆನಪಾಗೋದು ಹನಿ ನೀರಾವರಿ. ಆದರೆ ನಮ್ಮ ಗೆಳೆಯನ ಕಾಕಾನ ಆ ತುಂಡು ಹೊಲಕ್ಕೆ ಪೈಪಿಲ್ಲ, ಮಳೆಯ ಹಸಿ ನಂಬಿ ಹಾಕಿದ ಕಡಲೆ. ರಜೆಯಲ್ಲಿ ಹೋದಾಗ ಗಿಡ ಬಾಡಿತ್ತು. ಎರೆ ಮಣ್ಣನ್ನ ಒಂದು ಗೇಣು ಕೆದರಿದ್ವಿ, ಕೈಗೆ ತಂಪು ಹತ್ತಿತು.

"ಹಸಿ ಐತಲ್ರಿ ಕಾಕಾ?" ಅಂದ್ವಿ.

"ಐತಿ ತಮ್ಮಾ. ಆದ್ರ ಮಣ್ಣು ಬಿಡಬೇಕಲ್ಲ!"

ಅಷ್ಟೇ ಹಸಿ ಮಸಾರಿ ಮಣ್ಣಿನಲ್ಲಿ ಇದ್ದಿದ್ರೆ ಗಿಡ ನಿಂತಿರ್ತಿತ್ತು. ನೀರು ಇರೋದು ಬೇರೆ, ಸಿಗೋದು ಬೇರೆ. ಇದನ್ನೇ ಕಣ್ಣಿಗೆ ಕಾಣೋ ಹಾಗೆ ತೋರಿಸೋ ಒಂದು ಪ್ರಯೋಗ ಕೆಮಿಸ್ಟ್ರಿಯಲ್ಲಿದೆ.

ಎಣ್ಣೆಯಂಥ ದ್ರವ, ಉದಾಹರಣೆಗೆ ಹೆಪ್ಟೇನ್, ತಗೊಳ್ಳಿ. ಅದಕ್ಕೆ ಎಓಟಿ ಅನ್ನೋ ಸೋಪಿನಂಥ ವಸ್ತು ಹಾಕಿ. (ಇದೇ ವಸ್ತು ಮಲಬದ್ಧತೆಯ ಔಷಧಿಯಲ್ಲೂ ಇರುತ್ತೆ, ನಗಬೇಡಿ.) ಆಮೇಲೆ ಸ್ವಲ್ಪವೇ ಸ್ವಲ್ಪ ನೀರು ಹಾಕಿ ಅಲ್ಲಾಡಿಸಿ. ಎಓಟಿ ಅಣುಗಳು ಬಾಲ ಹೊರಗೆ, ತಲೆ ಒಳಗೆ ಮಾಡಿ ನೀರನ್ನ ಸುತ್ತುವರೀತವೆ. ಒಂದು ಎಓಟಿ ಅಣುವಿಗೆ ಎಷ್ಟು ನೀರಿನ ಅಣು ಅನ್ನೋ ಲೆಕ್ಕಕ್ಕೆ ಡಬ್ಲ್ಯೂ-ನಾಟ್ ಅಂತಾರೆ. ಅದು 10 ಇದ್ದಾಗ ನೀರಿನ ಹನಿಯ ಅಡ್ಡಗಲ ಸುಮಾರು 4 ನ್ಯಾನೋಮೀಟರ್, ಒಳಗೆ ಸಾವಿರ ಚಿಲ್ಲರೆ ಅಣುಗಳು. ಗೋಡೆಗೆ ಅಂಟಿದ ಪದರ 0.3 ನ್ಯಾನೋಮೀಟರ್ ದಪ್ಪ ಅಂತ ಹಿಡಿದು ಗೋಲದ ಘನಫಲ ಲೆಕ್ಕ ಹಾಕಿ ನೋಡಿ. ಒಟ್ಟು ನೀರಿನಲ್ಲಿ ನೂರಕ್ಕೆ ಸುಮಾರು 39 ಭಾಗ ಗೋಡೆ ಪಕ್ಕದಲ್ಲೇ ಇದೆ! ಒಂದು ಲೋಟ ನೀರಿನಲ್ಲಿ ಈ ಭಾಗ ಲೆಕ್ಕಕ್ಕೇ ಬರಲ್ಲ.

ಈ ಪುಟ್ಟ ಹನಿಯೊಳಗೆ ಕಳಿಸೋ ಗೂಢಚಾರನೇ ಹೊಳೆಯುವ ಬಣ್ಣ. ನಾವು ಆರಿಸಿಕೊಂಡಿದ್ದು ಪೈರಾನಿನ್. ಹಲವು ಹಳದಿ ಹೈಲೈಟರ್‌ಗಳಲ್ಲಿ ಇರೋದು ಇದೇ. ಬೆಳಕು ಬಿದ್ದ ಕೂಡಲೇ ಇದು ಲಕ್ಷಾಂತರ ಪಟ್ಟು ಹೆಚ್ಚು ಆಮ್ಲೀಯ ಆಗುತ್ತೆ, ತನ್ನ ಪ್ರೋಟಾನನ್ನ ಪಕ್ಕದ ನೀರಿಗೆ ದಾಟಿಸುತ್ತೆ. ದಾಟಿಸಿದ ಮೇಲೆ ಹೊಳೆದರೆ ಹಸಿರು, ದಾಟಿಸೋಕಾಗದೆ ಹೊಳೆದರೆ ನೀಲಿ. ಮಾಮೂಲಿ ನೀರಿನಲ್ಲಿ ದಾಟಿಸೋಕೆ ಬೇಕಾದ ಸಮಯ ಸುಮಾರು 100 ಪಿಕೋಸೆಕೆಂಡ್, ಹೊಳೆಯೋಕೆ ಅದಕ್ಕಿರುವ ಸಮಯ ಸುಮಾರು 5 ನ್ಯಾನೋಸೆಕೆಂಡ್. ಹಾಗಾಗಿ ಯಾವಾಗಲೂ ಹಸಿರೇ.

ಮೊದಲ ಸಲ ಹಾಸ್ಟೆಲ್ ರೂಮಿನಲ್ಲೇ ಮಾಡಿ ಕೈ ಸುಟ್ಕೊಂಡ್ವಿ. ಹೈಲೈಟರ್ ಇಂಕು, ಶೇಂಗಾ ಎಣ್ಣೆ, ಪಾತ್ರೆ ತೊಳೆಯೋ ಸೋಪು ಸೇರಿಸಿ, ನೋಟು ಚೆಕ್ ಮಾಡೋ ಟಾರ್ಚ್ ಬಿಟ್ವಿ. ಮಜ್ಜಿಗೆ ಥರ ಬೆಳ್ಳಗಾಯ್ತು, ಹೊಳೆದಿದ್ದು ಹಸಿರೇ. ಯಾಕಂದ್ರೆ ಆ ಹನಿಗಳು ಮೈಕ್ರಾನ್ ಗಾತ್ರದವು, ಬೆಳಕನ್ನ ಚದುರಿಸ್ತವೆ. ಒಳಗಿನ ನೀರಿನ ಬಹುಪಾಲು ಗೋಡೆಯಿಂದ ದೂರವೇ ಇರುತ್ತೆ. ನಿಜವಾದ ನ್ಯಾನೋ ಹನಿಗಳ ದ್ರಾವಣ ಗಾಜಿನ ಹಾಗೆ ತಿಳಿಯಾಗಿರಬೇಕು.

ಆಮೇಲೆ ಸರ್ ಕೈಕಾಲು ಹಿಡಿದು ಲ್ಯಾಬಿನಲ್ಲಿ ಎಓಟಿ, ಹೆಪ್ಟೇನ್ ಸಿಕ್ತು. ನೀರು ಸ್ವಲ್ಪ ಹುಳಿಯಾಗಿರಲಿ, ಇಲ್ಲದಿದ್ರೆ ಪೈರಾನಿನ್ ಬೆಳಕು ಬೀಳೋ ಮೊದಲೇ ಪ್ರೋಟಾನ್ ಬಿಟ್ಟು ಕೂತಿರುತ್ತೆ. ಡಬ್ಲ್ಯೂ-ನಾಟ್ 3ರಲ್ಲಿ ಟಾರ್ಚ್ ಬಿಟ್ವಿ: ನೀಲಿ! ಇನ್ನಷ್ಟು ನೀರು ಹಾಕಿ ಅಲ್ಲಾಡಿಸ್ತಾ 20ರ ಹತ್ತಿರ ಬಂದಾಗ ಹಸಿರು. ಅದೇ ಬಣ್ಣ, ಅದೇ ನೀರು, ಹನಿ ಮಾತ್ರ ದೊಡ್ಡದು.

ಸಣ್ಣ ಹನಿಯಲ್ಲಿ ನೀರು ಇಲ್ಲ ಅಂತಲ್ಲ. ಎಓಟಿಯ ತಲೆ ಋಣ ವಿದ್ಯುದಂಶದ್ದು, ಜೊತೆಗೆ ಸೋಡಿಯಂ ಅಯಾನುಗಳಿವೆ. ನೀರಿನ ಅಣುಗಳು ಅವಕ್ಕೆ ಅಂಟಿಕೊಂಡು ಬ್ಯುಸಿ. ಪ್ರೋಟಾನನ್ನ ಕೈಬದಲಿ ಮಾಡೋಕೆ ಪುರುಸೊತ್ತಿರೋ ನೀರು ಸಾಲದು. ಎರೆ ಮಣ್ಣಿನ ಜೇಡಿಯ ಪದರಗಳಲ್ಲೂ ಋಣ ವಿದ್ಯುದಂಶವೇ, ಅಲ್ಲೂ ಅಯಾನುಗಳಿಗೆ ಅಂಟಿದ ನೀರೇ. ಮಣ್ಣಿನಲ್ಲಿ ಸಣ್ಣ ರಂಧ್ರಗಳ ಎಳೆತವೂ ಸೇರುತ್ತೆ, ಆದ್ದರಿಂದ ಎರಡೂ ಪೂರ್ತಿ ಒಂದೇ ಅಲ್ಲ. ಆದರೆ ಕಾಕಾನ "ಬಿಡಬೇಕಲ್ಲ" ಎರಡಕ್ಕೂ ಸರಿ.

ಇನ್ನೊಂದು ಮಾತು. ಯಾವ ಬಣ್ಣ ಕಳಿಸ್ತೀವಿ ಅನ್ನೋದು ಮುಖ್ಯ. ಪೈರಾನಿನ್ ತಾನೂ ಋಣವಾದ್ದರಿಂದ ಗೋಡೆಯಿಂದ ದೂರ ನಿಂತು ಒಳಗಿನ ಸುದ್ದಿ ಕೊಡುತ್ತೆ. ಧನ ವಿದ್ಯುದಂಶದ ರೋಡಮಿನ್ ಗೋಡೆಗೇ ಹೋಗಿ ಅಂಟಿಕೊಂಡು ಗೋಡೆಯ ಸುದ್ದಿ ಹೇಳುತ್ತೆ.

ಈ ನೀರು ಎಷ್ಟು ನಿಧಾನ ಅಂತ ಅಳೆದವರು ನಮ್ಮವರೇ. 1996ರಲ್ಲಿ ಕೋಲ್ಕತ್ತದ ಕಂಕನ್ ಭಟ್ಟಾಚಾರ್ಯರ ತಂಡ ಎಓಟಿ ಹನಿಯೊಳಗೆ ಕೂಮರಿನ್ ಬಣ್ಣ ಇಟ್ಟು ನೋಡಿತು. ಬೆಳಕು ಬಿದ್ದ ಬಣ್ಣದ ಸುತ್ತ ನೀರಿನ ಅಣುಗಳು ತಿರುಗಿ ಹೊಂದಿಕೊಳ್ಳೋಕೆ ತೆರೆದ ನೀರಿನಲ್ಲಿ ಹೆಚ್ಚೂಕಡಿಮೆ ಒಂದು ಪಿಕೋಸೆಕೆಂಡ್ ಸಾಕು. ಹನಿಯಲ್ಲಿ ಕೆಲವು ನ್ಯಾನೋಸೆಕೆಂಡ್, ಅಂದ್ರೆ ಸಾವಿರಾರು ಪಟ್ಟು ನಿಧಾನ. ಹೀಗೆ ಅಂಟಿಕೊಂಡ ನೀರು ನಿಧಾನ ಯಾಕೆ ಅನ್ನೋದಕ್ಕೆ 1997ರಲ್ಲಿ ನಂದಿ ಮತ್ತು ಬೆಂಗಳೂರಿನ ಐಐಎಸ್‌ಸಿಯ ಬಿಮನ್ ಬಾಗ್ಚಿ ಒಂದು ಥಿಯರಿ ಕೊಟ್ರು. ಅಂಟಿದ ನೀರು, ಬಿಡುಗಡೆಯಾದ ನೀರು ಒಂದಕ್ಕೊಂದು ಜಾಗ ಬದಲಿಸ್ತಾ ಇರ್ತವೆ, ತಡ ಆಗೋದು ಆ ಬಿಡುಗಡೆಗೇ. ಅವರು ಯೋಚಿಸ್ತಿದ್ದದ್ದು ಪ್ರೋಟೀನ್ ಸುತ್ತಲಿನ ನೀರಿನ ಬಗ್ಗೆ.

ಕಾಕಾಗೆ ಫೋನಿನಲ್ಲಿ ನೀಲಿ-ಹಸಿರು ವಿಡಿಯೋ ತೋರಿಸಿದ್ವಿ. ಅವರ ಕಡಲೆ ಆ ಸಲ ಅರ್ಧವೂ ಬಂದಿರಲಿಲ್ಲ. ಎರಡು ಸಲ ನೋಡಿ ಕೇಳಿದ್ರು:

"ಬಣ್ಣ ಹಾಕಿದ್ರ ಮಣ್ಣು ನೀರು ಬಿಡತೈತೇನು?"

"ಇಲ್ರಿ ಕಾಕಾ."

"ಹಂಗಾರ ಮುಂದಿನ ರಜಾಕ್ಕ ಬರ್ರಿ. ಬಿರುಕು ಬಿಡೂದ್ರಾಗ ಎಡಿ ಹೊಡಿಬೇಕು. ಇದ್ದ ಹಸಿನಾದ್ರೂ ಆರಿ ಹೋಗಲಾರದಂಗ ಉಳಿಸೂನು."