ಐರ್ಲೆಂಡಿನ ಪಶ್ಚಿಮ ಕರಾವಳಿಗೆ ನಾಲ್ಕು ದಿನ: ಹೊರಡುವ ಮುಂಚೆ ಒಂದಿಷ್ಟು ಲೆಕ್ಕ

ಪರೀಕ್ಷೆ ಮುಗಿದ ಕೂಡಲೇ ಡಬ್ಲಿನ್ನಿನ ನಮ್ಮ ಕನ್ನಡ ಹುಡುಗ-ಹುಡುಗಿಯರು ಮಾಡುವ ಮೊದಲ ಪ್ಲಾನ್ ಒಂದೇ: ‘ವೈಲ್ಡ್ ಅಟ್ಲಾಂಟಿಕ್ ವೇ ಪೂರ್ತಿ ಮುಗಿಸಿಬಿಡೋಣ.’ ಉತ್ತರದ ಡೊನೆಗಾಲ್‌ನಿಂದ ದಕ್ಷಿಣದ ಕಿನ್ಸೇಲ್ ತನಕ ಕಡಲಂಚಿನಲ್ಲೇ ಸಾಗುವ ಈ ಮಾರ್ಗವನ್ನು ಇಲ್ಲಿನ ಪ್ರವಾಸೋದ್ಯಮ ಸಂಸ್ಥೆ 2014ರಲ್ಲಿ ಗುರುತು ಮಾಡಿತು. ಉದ್ದ ಸುಮಾರು 2,500 ಕಿ.ಮೀ. ಪೂರ್ತಿ ಮುಗಿಸೋದು ಆಗುತ್ತಾ ಅಂತ ಒಂದು ಸಣ್ಣ ಭಾಗಾಕಾರ ಮಾಡಿ ನೋಡೋಣ. ಈ ದಾರಿಗಳು ಕಿರಿದು, ತಿರುವು ಜಾಸ್ತಿ, ನಡುವೆ ಕುರಿ ಹಿಂಡುಗಳು. ಗ್ರಾಮೀಣ ಸ್ಥಳೀಯ ರಸ್ತೆಗಳ ವೇಗಮಿತಿಯನ್ನೂ 2025ರ ಫೆಬ್ರವರಿಯಲ್ಲಿ 80ರಿಂದ 60 ಕಿ.ಮೀ.ಗೆ ಇಳಿಸಿದ್ದಾರೆ. ಸರಾಸರಿ 50 ಸಿಕ್ಕರೆ ಪುಣ್ಯ. ಅಂದರೆ ಬರೀ ಸ್ಟೀರಿಂಗ್ ಹಿಡಿದು ಕೂರುವುದಕ್ಕೇ 50 ಗಂಟೆ. ನಾಲ್ಕು ದಿನದ ರಜೆಯಲ್ಲಿ ಇದು ಪ್ರವಾಸವಲ್ಲ, ಡೆಲಿವರಿ ಕೆಲಸ.

ಹಾಗಾಗಿ ಒಂದು ತುಂಡನ್ನು ಮಾತ್ರ ಆರಿಸಿಕೊಳ್ಳಿ. ನಮ್ಮ ಆಯ್ಕೆ ಗಾಲ್ವೇ ಊರನ್ನು ನೆಲೆ ಮಾಡಿಕೊಂಡು ಕ್ಲೇರ್, ಆರನ್ ದ್ವೀಪ ಮತ್ತು ಕಾನೆಮಾರಾ. ಕೆರ್ರಿ ಚೆಂದವೇ, ಇಲ್ಲ ಅನ್ನಲ್ಲ. ಆದರೆ ಬೇಸಿಗೆಯಲ್ಲಿ ‘ರಿಂಗ್ ಆಫ್ ಕೆರ್ರಿ’ಯಲ್ಲಿ ಟೂರಿಸ್ಟ್ ಬಸ್ಸುಗಳ ಹಿಂದೆ ಸಾಲಾಗಿ ಹೋಗುವುದಕ್ಕಿಂತ ಅದನ್ನು ಇನ್ನೊಂದು ರಜೆಗೆ ಇಟ್ಟುಕೊಳ್ಳುವುದೇ ವಾಸಿ.

ಈಗ ಕಾರಿನ ವಿಷಯ. ಎಡಗಡೆ ಓಡಿಸುವ ದೇಶ, ನಮಗೆ ಸಲೀಸು ಅನಿಸುತ್ತೆ. ಆದರೆ ಬಾಡಿಗೆ ಕಂಪನಿಗಳು ಸಾಮಾನ್ಯವಾಗಿ 25 ತುಂಬದವರಿಗೆ ಕೊಡುವುದಿಲ್ಲ, ಕೊಟ್ಟರೂ ದಿನಕ್ಕಿಷ್ಟು ಅಂತ ಹೆಚ್ಚುವರಿ ಶುಲ್ಕ ಹಾಕುತ್ತವೆ. ಭಾರತದ ಲೈಸೆನ್ಸನ್ನು ಇಲ್ಲಿನದಕ್ಕೆ ನೇರವಾಗಿ ಬದಲಾಯಿಸಿಕೊಳ್ಳುವ ಸೌಲಭ್ಯವೂ ಇಲ್ಲ. ವಿದೇಶಿ ಲೈಸೆನ್ಸಿನಲ್ಲಿ 12 ತಿಂಗಳವರೆಗೆ ಓಡಿಸಬಹುದು ಅನ್ನುವುದು ಭೇಟಿಗೆ ಬಂದವರಿಗೆ ಇರುವ ನಿಯಮ, ಇಲ್ಲೇ ನೆಲೆಸಿದವರಿಗಲ್ಲ. ಆದ್ದರಿಂದ ಬಸ್ಸು-ರೈಲನ್ನೇ ನಂಬಿ. ಸ್ಟೂಡೆಂಟ್ ಲೀಪ್ ಕಾರ್ಡ್ ಇದ್ದರೆ ಸರಕಾರಿ ಸಾರಿಗೆಯಲ್ಲಿ ಹೆಚ್ಚುಕಡಿಮೆ ಅರ್ಧ ದರ.

ಇಲ್ಲಿ ಒಂದು ಮಾತನ್ನು ದಯವಿಟ್ಟು ಎರಡು ಸಲ ಓದಿ. ಗಾಲ್ವೇ ಬೇಡ, ಡೊನೆಗಾಲ್‌ಗೇ ಹೋಗ್ತೀವಿ ಅನ್ನುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಅಲ್ಲಿನ ಸ್ಲೀವ್ ಲೀಗ್ ಕಡಲ ಬಂಡೆಗಳು ಸಮುದ್ರದಿಂದ 601 ಮೀಟರ್ ಎತ್ತರ, ಆಸೆ ಸಹಜ. ಆದರೆ ಭೂಪಟ ತೆಗೆದು ನೋಡಿ: ಡಬ್ಲಿನ್ನಿಂದ ಡೊನೆಗಾಲ್‌ಗೆ ಹತ್ತಿರದ ದಾರಿ ಉತ್ತರ ಐರ್ಲೆಂಡಿನೊಳಗೆ ಹಾದು ಹೋಗುತ್ತೆ. ಲೆಟರ್‌ಕೆನ್ನಿಗೆ ಹೋಗುವ 32ನೇ ನಂಬರಿನ ಬಸ್ಸು ಓಮಾ ಊರಿನ ಮೇಲೆ, ಡೊನೆಗಾಲ್ ಪಟ್ಟಣಕ್ಕೆ ಹೋಗುವ 30ನೇ ನಂಬರಿನದು ಎನಿಸ್ಕಿಲನ್ ಮೇಲೆ. ಎರಡೂ ಬ್ರಿಟನ್ನಿಗೆ ಸೇರಿದ ಊರುಗಳು. ಗಡಿಯಲ್ಲಿ ಗೇಟಿಲ್ಲ, ಚೆಕ್‌ಪೋಸ್ಟ್ ಇಲ್ಲ. ವೇಗದ ಫಲಕ ಕಿಲೋಮೀಟರಿನಿಂದ ಮೈಲಿಗೆ ಬದಲಾಗುತ್ತೆ, ರಸ್ತೆ ಅಂಚಿನ ಹಳದಿ ಗೆರೆ ಬಿಳಿಯಾಗುತ್ತೆ, ಅಷ್ಟೇ. ನಿದ್ದೆ ಮಾಡುತ್ತಿದ್ದರೆ ದೇಶ ದಾಟಿದ್ದೇ ಗೊತ್ತಾಗಲ್ಲ.

ಆದರೆ ಕಾನೂನಿಗೆ ಗೊತ್ತು. ಐರಿಶ್ ಮತ್ತು ಬ್ರಿಟಿಷ್ ಪ್ರಜೆಗಳಿಗೆ ಎರಡೂ ಕಡೆ ಮುಕ್ತ ಓಡಾಟವಿದೆ, ನಮ್ಮ ನೀಲಿ ಪಾಸ್‌ಪೋರ್ಟಿಗೆ ಇಲ್ಲ. ಐರ್ಲೆಂಡಿನ ವಿದ್ಯಾರ್ಥಿ ವೀಸಾ, ಐಆರ್‌ಪಿ ಕಾರ್ಡ್ ಎರಡೂ ಇದ್ದರೂ ಉತ್ತರ ಐರ್ಲೆಂಡಿಗೆ ಕಾಲಿಡಲು ಬ್ರಿಟನ್ನಿನ ವೀಸಾ ಬೇಕು. ಬಸ್ಸಿನಿಂದ ಇಳಿಯದೆ ಸುಮ್ಮನೆ ಹಾದು ಹೋದರೂ ಅಷ್ಟೇ. ಭಾರತೀಯರಿಗೆ ಎರಡೂ ದೇಶ ಸೇರಿಸಿ ಕೊಡುವ ಬ್ರಿಟಿಷ್-ಐರಿಶ್ ವೀಸಾ ಯೋಜನೆ ಒಂದಿದೆ, ಅದು ಅಲ್ಪಾವಧಿ ಭೇಟಿಗೆ ಬರುವವರಿಗೆ. ನಿಮ್ಮನ್ನು ನೋಡಲು ಬಂದ ಅಪ್ಪ-ಅಮ್ಮನಿಗೆ ಇರಬಹುದು, ನಿಮಗಿಲ್ಲ. ಗಡಿ ದಾಟುವ ಬಸ್ಸು-ರೈಲುಗಳಲ್ಲಿ ವಲಸೆ ತಪಾಸಣೆ ಆಗಾಗ ನಡೆಯುವುದುಂಟು. ಸಿಕ್ಕಿಬಿದ್ದರೆ ಆ ದಿನದ ರಗಳೆ ಒಂದು ಕಡೆ. ಓದು ಮುಗಿದ ಮೇಲೆ ಕೆಲಸದ ಪರ್ಮಿಟ್, ಮುಂದಿನ ವೀಸಾ ಎಲ್ಲದರಲ್ಲೂ ‘ಹಿಂದೆ ಯಾವುದಾದರೂ ದೇಶದ ವಲಸೆ ನಿಯಮ ಮುರಿದಿದ್ದೀರಾ’ ಎಂಬ ಪ್ರಶ್ನೆಗೆ ಉತ್ತರ ಬರೆಯಬೇಕಲ್ಲ, ಅದು ಇನ್ನೊಂದು ಕಡೆ. ಮೊಬೈಲಿನ ಮ್ಯಾಪಿಗೆ ನಿಮ್ಮ ವೀಸಾ ಗೊತ್ತಿಲ್ಲ. ಅದು ಬೇಗ ತಲುಪುವ ದಾರಿ ತೋರಿಸುತ್ತೆ.

ಹಾಗಾದ್ರೆ ಡೊನೆಗಾಲ್ ನೋಡೋಕೇ ಆಗಲ್ವಾ? ಆಗುತ್ತೆ. ಡಬ್ಲಿನ್ ಕಾನಲಿ ನಿಲ್ದಾಣದಿಂದ ಸ್ಲೈಗೋಗೆ ಮೂರು ಗಂಟೆ ಆಸುಪಾಸಿನ ರೈಲು, ಅಲ್ಲಿಂದ 64ನೇ ನಂಬರಿನ ಬಸ್ಸು. ಆ ಬಸ್ಸು ಮುಂದೆ ಡೆರ್ರಿಗೆ ಹೋಗುತ್ತೆ, ಡೆರ್ರಿ ಬ್ರಿಟನ್ನಿನದು. ಡೊನೆಗಾಲ್ ಪಟ್ಟಣದಲ್ಲೋ ಲೆಟರ್‌ಕೆನ್ನಿಯಲ್ಲೋ ಇಳಿದುಬಿಡಿ. ಇನ್ನು ಜರ್ಮನಿಯಿಂದಲೋ ಇಂಗ್ಲೆಂಡಿನಿಂದಲೋ ಸ್ನೇಹಿತರನ್ನು ಕರೆಸುವವರಿಗೆ: ಐರ್ಲೆಂಡ್ ಷೆಂಗೆನ್‌ನಲ್ಲಿಲ್ಲ. ಅವರ ಅಲ್ಲಿನ ವಿದ್ಯಾರ್ಥಿ ಪರ್ಮಿಟ್ ಇಲ್ಲಿ ನಡೆಯುವುದಿಲ್ಲ, ಪ್ರತ್ಯೇಕ ಐರಿಶ್ ವೀಸಾಗೆ ವಾರಗಳ ಮುಂಚೆಯೇ ಅರ್ಜಿ ಹಾಕಿಸಿ.

ಗಾಲ್ವೇಗೆ ವಾಪಸ್ ಬರೋಣ. ಡಬ್ಲಿನ್ನಿಂದ ಬಸ್ಸಾಗಲಿ ರೈಲಾಗಲಿ ಎರಡೂವರೆ ಗಂಟೆ. ಹಾಸ್ಟೆಲ್ ಬುಕ್ ಮಾಡುವಾಗ ಜುಲೈ ಬಿಟ್ಟುಬಿಡಿ. ಕಲಾ ಉತ್ಸವ, ಅದರ ಹಿಂದೆಯೇ ಕುದುರೆ ರೇಸು, ಎರಡೂ ಸೇರಿ ಬೆಲೆ ಮುಗಿಲು ಮುಟ್ಟಿರುತ್ತೆ. ಮೇ ಕೊನೆ, ಜೂನ್ ಒಳ್ಳೆಯದು. ಜೂನ್‌ನಲ್ಲಿ ಹಗಲು ಸುಮಾರು 17 ಗಂಟೆ, ರಾತ್ರಿ ಹತ್ತಕ್ಕೂ ಬೆಳಕು. ಡಿಸೆಂಬರಿನಲ್ಲಿ ಏಳೂವರೆ ಗಂಟೆ ಮಾತ್ರ, ನಾಲ್ಕೂವರೆಗೆ ಕತ್ತಲೆ.

ಮಳೆ? ಬರುತ್ತೆ. ಪಶ್ಚಿಮ ತೀರದಲ್ಲಿ ವರ್ಷಕ್ಕೆ 225 ದಿನದಷ್ಟು ಮಳೆಯ ದಿನಗಳು. ಹಾಗಂತ ಆಗುಂಬೆಯ ಹಾಗೆ ಸುರಿಯುವುದಿಲ್ಲ. ಕರಾವಳಿಯ ಬಯಲಲ್ಲಿ ವರ್ಷದ ಮಳೆ 1,000ದಿಂದ 1,400 ಮಿ.ಮೀ., ಆಗುಂಬೆಯಲ್ಲಿ 7,000 ಮೀರುತ್ತೆ. ವ್ಯತ್ಯಾಸ ಇರುವುದು ದಿಕ್ಕಿನಲ್ಲಿ. ನಮ್ಮ ಮಳೆ ಮೇಲಿಂದ ಬರುತ್ತೆ, ಇಲ್ಲಿನದು ಪಕ್ಕದಿಂದ. ಕೊಡೆ ಡಬ್ಲಿನ್ನಲ್ಲೇ ಬಿಟ್ಟು ಟೋಪಿಯಿರುವ ಮಳೆ ಜಾಕೆಟ್ ತನ್ನಿ. ಮಳೆಗಿಂತ ಗಾಳಿಯ ಮುನ್ಸೂಚನೆಯನ್ನೇ ಮೊದಲು ನೋಡಬೇಕು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ ಅಂತ ಇಂಜಿನಿಯರಿಂಗ್ ಓದಿದವರಿಗೆ ಹೇಳಬೇಕಾಗಿಲ್ಲ. ಗಂಟೆಗೆ 30 ಕಿ.ಮೀ. ಇದ್ದದ್ದು 60 ಆದರೆ ಮೈಮೇಲಿನ ತಳ್ಳು ಎರಡು ಪಟ್ಟಲ್ಲ, ನಾಲ್ಕು ಪಟ್ಟು. 214 ಮೀಟರ್ ಎತ್ತರದ ಮೋಹರ್ ಬಂಡೆಗಳ ಅಂಚಿನಲ್ಲಿ ಸೆಲ್ಫಿಗೆ ನಿಲ್ಲುವಾಗ ಈ ಸೂತ್ರ ನೆನಪಿರಲಿ. ಮೆಟ್ ಏರನ್ ಹಳದಿ, ಕಿತ್ತಳೆ, ಕೆಂಪು ಅಂತ ಎಚ್ಚರಿಕೆ ಕೊಡುತ್ತೆ. ಹಳದಿ ಇದ್ದರೂ ಆ ದಿನ ಬಂಡೆಯ ಹಾದಿ ಬೇಡ, ಊರೊಳಗೆ ಸುತ್ತಾಡಿ. ಮುಚ್ಚಿದೆ ಅಂತ ಬೋರ್ಡ್ ಹಾಕಿದ ಕಾಲುದಾರಿಯನ್ನು ದಾಟಿ ಹೋಗುವ ಗುಂಪಿನ ಹಿಂದೆ ಹೋಗಬೇಡಿ.

ಮೋಹರ್‌ಗೆ ಗಾಲ್ವೇಯಿಂದ 350ನೇ ನಂಬರಿನ ಬಸ್ಸಿದೆ. ದಾರಿಯಲ್ಲಿ ಬರೆನ್ ಪ್ರದೇಶದ ಬೋಳು ಸುಣ್ಣಕಲ್ಲು ಸಿಗುತ್ತೆ, ಕಿಟಕಿ ಪಕ್ಕ ಕೂತ್ಕೊಳ್ಳಿ. ಆರನ್ ದ್ವೀಪಕ್ಕೆ ದೋಣಿ ಹೊರಡುವ ಊರಿನ ಹೆಸರು ಟಿಕೆಟ್ಟಿನಲ್ಲಿ ರೊಸವೀಲ್ ಅಂತಿದ್ದರೂ ರಸ್ತೆ ಫಲಕದಲ್ಲಿ ‘ರೋಸ್ ಅನ್ ವೀಲ್’ ಎಂದು ಐರಿಶ್‌ನಲ್ಲಿ ಮಾತ್ರ ಇರುತ್ತೆ. ಐರಿಶ್ ಮಾತಾಡುವ ಗೇಲ್ಟಾಕ್ಟ್ ಪ್ರದೇಶಗಳಲ್ಲಿ ಊರಿನ ಇಂಗ್ಲಿಷ್ ಹೆಸರುಗಳಿಗೆ 2005ರಿಂದ ಅಧಿಕೃತ ಸ್ಥಾನವಿಲ್ಲ. ಬೋರ್ಡಿನ ಭಾಷೆಗಾಗಿ ಬೆಂಗಳೂರಿನಲ್ಲಿ ನಡೆಯುವ ಜಗಳ ಕಂಡ ನಮಗೆ ಇದು ಒಂಥರಾ ಖುಷಿ ಕೊಡುತ್ತೆ. ಎರಡೂ ಹೆಸರು ಬರೆದಿಟ್ಟುಕೊಂಡಿರಿ.

ಕೊನೆಯದಾಗಿ ಕಾನೆಮಾರಾ, ನಮ್ಮ ಪ್ರಕಾರ ಇಡೀ ಪ್ರವಾಸದ ತಿರುಳು. ಕ್ಲಿಫ್ಡನ್ ಊರಿಗೆ ಬಸ್ಸಿದೆ, ಅಲ್ಲಿ ಬಾಡಿಗೆ ಸೈಕಲ್ ಸಿಗುತ್ತೆ. ದಕ್ಷಿಣಕ್ಕೆ ಡೆರಿಗಿಮ್ಲಾ ಎಂಬ ಜೌಗು ಬಯಲು. ಮಾರ್ಕೋನಿ 1907ರಲ್ಲಿ ಅಟ್ಲಾಂಟಿಕ್ ಆಚೆಗೆ ವಾಣಿಜ್ಯ ನಿಸ್ತಂತು ಸಂದೇಶ ಸೇವೆ ಶುರು ಮಾಡಿದ್ದು ಇಲ್ಲಿಂದ. ಈ ಜೌಗಿನ ಪೀಟ್ ಮಣ್ಣನ್ನೇ ಸುಟ್ಟು ವಿದ್ಯುತ್ ತಯಾರಿಸುತ್ತಿದ್ದರು. ಅಲ್ಕಾಕ್ ಮತ್ತು ಬ್ರೌನ್ 1919ರ ಜೂನ್ 15ರಂದು ಎಲ್ಲೂ ನಿಲ್ಲದೆ ಅಟ್ಲಾಂಟಿಕ್ ದಾಟಿದ ಮೊದಲ ವಿಮಾನವನ್ನು ಇಳಿಸಿದ್ದೂ ಇದೇ ಬಯಲಲ್ಲಿ, ಹಸಿರು ಹುಲ್ಲುಗಾವಲು ಅಂದುಕೊಂಡು ಕೆಸರಿಗೆ ಮೂತಿ ಊರಿ.

ಕ್ಲಿಫ್ಡನ್ನಿಂದ ವಾಯವ್ಯಕ್ಕೆ ಹತ್ತು ಹನ್ನೆರಡು ಕಿ.ಮೀ. ಹೋದರೆ ಕ್ಲಾಡಡಫ್. ಅದರೆದುರು ಓಮೀ ದ್ವೀಪ. ಇಳಿತದ ಹೊತ್ತಿನಲ್ಲಿ ಸಮುದ್ರ ಸರಿದು ಮರಳಿನ ಮೇಲೆ ನಡೆದೇ ಹೋಗಬಹುದು, ಕಂಬಗಳು ದಾರಿ ತೋರಿಸುತ್ತವೆ. ದ್ವೀಪದಲ್ಲಿ ಮರಳಲ್ಲಿ ಅರ್ಧ ಹೂತ ಹಳೆಯ ಚರ್ಚೊಂದಿದೆ. ಇಲ್ಲಿಗೆ ಲೆಕ್ಕ ಮಾಡದೆ ಹೋಗುವ ಹಾಗಿಲ್ಲ. ಮಂಗಳೂರು-ಕಾರವಾರದ ಕಡಲಲ್ಲಿ ಉಬ್ಬರ-ಇಳಿತದ ಅಂತರ ಎರಡು ಮೀಟರಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಗಾಲ್ವೇ ಕಡೆ ಹುಣ್ಣಿಮೆ-ಅಮಾವಾಸ್ಯೆಗೆ 4ರಿಂದ 5 ಮೀಟರ್. ಊರಿನ ಕಡಲು ನೋಡಿ ಬೆಳೆದ ಕಣ್ಣಿಗೆ ಇದು ಅಂದಾಜಿಗೆ ಸಿಗುವುದಿಲ್ಲ.

ನಾವಿಕರ ಹನ್ನೆರಡನೇ ಭಾಗದ ಸೂತ್ರ ಕಲಿತುಕೊಳ್ಳಿ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ನೀರು ಒಂದೇ ಸಮ ಏರುವುದಿಲ್ಲ: ಗಂಟೆಗಳ ಕ್ರಮದಲ್ಲಿ ಒಟ್ಟು ಏರಿಕೆಯ ಹನ್ನೆರಡರಲ್ಲಿ 1, 2, 3, 3, 2, 1 ಭಾಗ. ಅಂತರ 4.5 ಮೀಟರ್ ಅಂದುಕೊಂಡರೆ ಮೊದಲ ಗಂಟೆ 38 ಸೆಂ.ಮೀ., ಎರಡನೇ ಗಂಟೆ 75, ಮೂರನೇ ಗಂಟೆಯೊಂದರಲ್ಲೇ 112. ಮೊದಲ ಗಂಟೆ ನೋಡಿ ‘ಏನೂ ಏರ್ತಿಲ್ಲ ಬಿಡು’ ಅಂದವರು ಮೂರನೇ ಗಂಟೆಯ ಕೊನೆಗೆ ಎರಡು ಕಾಲು ಮೀಟರ್ ಏರಿದ ನೀರಿನ ಆಚೆ ಉಳಿಯುತ್ತಾರೆ. ನಮ್ಮ ನಿಯಮ: ನೀರು ಇನ್ನೂ ಇಳಿಯುತ್ತಿರುವಾಗ, ಮರಳು ಪೂರ್ತಿ ಬರಿದಾದ ಮೇಲೆ ಹೋಗುವುದು, ಇಳಿತದ ಸಮಯಕ್ಕೆ ಸರಿಯಾಗಿ ವಾಪಸ್ ಹೊರಡುವುದು.

ಸಮಯದ ಪಟ್ಟಿ ನೋಡುವಾಗ ಒಂದು ಹುಷಾರು. ಕೆಲವು ಪಟ್ಟಿಗಳು ಗ್ರೀನ್‌ವಿಚ್ ಸಮಯದಲ್ಲಿರುತ್ತವೆ, ಬೇಸಿಗೆಯಲ್ಲಿ ನಮ್ಮ ಗಡಿಯಾರ ಅದಕ್ಕಿಂತ ಒಂದು ಗಂಟೆ ಮುಂದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತೆ, ಹಾಗಾಗಿ ಹೋದ ವಾರ ಹೋದವರ ಸಮಯ ನಿಮಗೆ ಆಗಲ್ಲ. ಇನ್ನೊಂದು ಅನುಕೂಲ ಇದೆ: ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಈ ಭಾಗದ ಹಗಲಿನ ಇಳಿತ ಮಧ್ಯಾಹ್ನದ ಹೊತ್ತಿಗೇ ಬರುತ್ತೆ, ಅಷ್ಟಮಿಯ ಸುಮಾರಿಗೆ ಬೆಳಗ್ಗೆ ಬೇಗ ಇಲ್ಲವೇ ಸಂಜೆ. ಅಮ್ಮ ಕಳಿಸಿದ ಕ್ಯಾಲೆಂಡರ್ ಗೋಡೆ ಮೇಲಿದ್ದರೆ ಪ್ರವಾಸದ ವಾರ ಆರಿಸುವುದಕ್ಕೆ ಅದೇ ಸಾಕು. ನಿಮಿಷದ ಲೆಕ್ಕಕ್ಕೆ ಮಾತ್ರ ಹತ್ತಿರದ ಬಂದರಿನ ಪಟ್ಟಿ.

ನಾಲ್ಕು ದಿನದ ಕ್ರಮವನ್ನು ಮುಂಚೆಯೇ ಗಟ್ಟಿ ಮಾಡಬೇಡಿ. ಓಮೀಗೆ ಇಳಿತ ದಿನ ಗೊತ್ತು ಮಾಡುತ್ತೆ, ಆರನ್ ದೋಣಿಗೆ ಗಾಳಿ ಕಡಿಮೆ ಇರುವ ದಿನ, ಉಳಿದದ್ದು ಮೋಹರ್‌ಗೆ. ಭಾನುವಾರ ಬಸ್ಸು ಕಡಿಮೆ, ಆ ದಿನವನ್ನು ಗಾಲ್ವೇಯಲ್ಲೇ ಕಳೆಯಿರಿ. ಹಳ್ಳಿಗಳಲ್ಲಿ ಅಡುಗೆಮನೆ ಬೇಗ ಮುಚ್ಚುತ್ತೆ. ಪುಳಿಯೋಗರೆ ಗೊಜ್ಜಿನ ಡಬ್ಬಿ ಬ್ಯಾಗಿನಲ್ಲಿರಲಿ, ಹಾಸ್ಟೆಲ್ಲಿನಲ್ಲಿ ಅನ್ನ ಮಾಡಿಕೊಳ್ಳಬಹುದು. ಸಮುದ್ರದಲ್ಲೋ ಬಂಡೆಯಲ್ಲೋ ಯಾರಾದರೂ ಸಿಕ್ಕಿಕೊಂಡದ್ದು ಕಂಡರೆ 112ಕ್ಕೆ ಫೋನ್ ಮಾಡಿ ಕೋಸ್ಟ್ ಗಾರ್ಡ್ ಕೇಳಿ, ನೀವೇ ನೀರಿಗೆ ಇಳಿಯಬೇಡಿ.