ಉತಾರ, ಎಫ್‌ಐಡಿ, ಬೆಳೆ ಸಮೀಕ್ಷೆ: ಕೋಷ್ಟಕ ಜೋಡಿಸುವವರು ಮಾಡಬೇಕಾದ್ದು, ಮಾಡಬಾರದ್ದು

ಲಕ್ಷ್ಮೇಶ್ವರ ತಾಲ್ಲೂಕಿನ ಸೊಸೈಟಿ, ರೈತ ಉತ್ಪಾದಕ ಕಂಪನಿ, ಸೇವಾ ಕೇಂದ್ರಗಳಲ್ಲಿ ರೈತರ ಪಟ್ಟಿ ಸಿದ್ಧಪಡಿಸುವ ಎಲ್ಲರ ಗಮನಕ್ಕೆ.

ಉತಾರ ಬರುವುದು ಭೂಮಿ ತಂತ್ರಾಂಶದಿಂದ, ರೈತರ ಗುರುತು ಫ್ರೂಟ್ಸ್‌ನ ಎಫ್‌ಐಡಿಯಿಂದ, ಹೊಲದಲ್ಲಿ ಏನಿದೆ ಎಂಬುದು ಬೆಳೆ ಸಮೀಕ್ಷೆಯಿಂದ. ಮೂರನ್ನೂ ಜೋಡಿಸಿ ಹೊಸ ದಾಖಲೆಯನ್ನಷ್ಟೇ ಉಳಿಸಿಕೊಳ್ಳುವುದು ನಮ್ಮ ಕೆಲಸ. ಬೇಡದ ಸಾಲು ಉಳಿದರೆ ಒಬ್ಬರ ಹೆಸರು ಎರಡು ಸಲ ಬರುತ್ತದೆ. ಬೇಕಾದ ಸಾಲು ಬಿದ್ದುಹೋದರೆ ಒಂದು ಮನೆಗೆ ಸಲ್ಲಬೇಕಾದ ಪರಿಹಾರವೇ ತಪ್ಪುತ್ತದೆ. ಆದ್ದರಿಂದ ಕೆಳಗಿನ ಪ್ರತಿಯೊಂದೂ ಕಡ್ಡಾಯ.

ಮಾಡಬೇಕಾದ್ದು

1. 'ಇತ್ತೀಚಿನದು' ಎಂದರೆ ಯಾವುದು ಎಂಬುದನ್ನು ಮೊದಲು ಬರೆದಿಡಬೇಕು. ನಮ್ಮ ಎರೆಹೊಲಗಳಲ್ಲಿ ಮುಂಗಾರಿಗೆ ಹೆಸರುಕಾಳು ತೆಗೆದು, ಹಿಂಗಾರಿಗೆ ಕಡಲೆಯನ್ನೋ ಬಿಳಿಜೋಳವನ್ನೋ ಬಿತ್ತುವುದು ವಾಡಿಕೆ. ಮಳೆಗೆ ಕೆಟ್ಟ ಹೆಸರುಕಾಳಿನ ಪಟ್ಟಿ ಮಾಡುವಾಗ ಎಲ್ಲಕ್ಕಿಂತ ಹೊಸ ಸಮೀಕ್ಷೆಯನ್ನು ಕೇಳಿದರೆ ಕಂಪ್ಯೂಟರ್ ಕಡಲೆಯ ಸಾಲನ್ನು ಕೊಡುತ್ತದೆ. ಮುಂಗಾರಿನ ನಷ್ಟ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಮೊದಲು ವರ್ಷ ಮತ್ತು ಹಂಗಾಮನ್ನು ಸೋಸಿ, ಅದರೊಳಗೆ ಹೊಸದನ್ನು ಆರಿಸಬೇಕು.

2. ಹೊಲದ ಗುರುತನ್ನು ಪೂರ್ತಿ ಹಿಡಿಯಬೇಕು: ಗ್ರಾಮದ ಕೋಡ್, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ. ವಾಟ್ನಿಯಾದ ಮೇಲೆ ಒಂದೇ ಸರ್ವೆ ನಂಬರಿನಲ್ಲಿ ಅಣ್ಣತಮ್ಮಂದಿರ ಹಿಸ್ಸಾ ಬೇರೆ ಬೇರೆ. ಹಿಸ್ಸಾ ಬಿಟ್ಟು ಜೋಡಿಸಿದರೆ ಅಣ್ಣನ ಬೆಳೆ ತಮ್ಮನ ಖಾತೆಗೆ ಹೋಗುತ್ತದೆ.

3. ಮೊದಲು ಆರಿಸಿ, ಆಮೇಲೆ ಜೋಡಿಸಬೇಕು. ಸಮೀಕ್ಷೆಯ ಕೋಷ್ಟಕದಲ್ಲಿ 'ರೋ ನಂಬರ್' ಬಳಸಿರಿ. 'ಪಾರ್ಟಿಷನ್ ಬೈ'ನಲ್ಲಿ ಹೊಲದ ಪೂರ್ತಿ ಗುರುತು ಮತ್ತು ಬೆಳೆ, 'ಆರ್ಡರ್ ಬೈ'ನಲ್ಲಿ ಸಮೀಕ್ಷೆಯ ದಿನಾಂಕ ಇಳಿಕೆ ಕ್ರಮದಲ್ಲಿ ಇರಲಿ. 1 ಬಂದ ಸಾಲನ್ನು ಮಾತ್ರ ಮುಂದಕ್ಕೆ ಒಯ್ಯಿರಿ. ಒಂದೇ ದಿನಾಂಕದ ಎರಡು ಸಾಲುಗಳಿದ್ದರೆ ಯಾವುದು ಗೆಲ್ಲಬೇಕೆಂದು ಹೇಳಲು ದಾಖಲೆಯ ಕ್ರಮಸಂಖ್ಯೆಯನ್ನೂ ಸೇರಿಸಬೇಕು. 'ರೋ ನಂಬರ್' ಸೌಲಭ್ಯ ಮೈಎಸ್‌ಕ್ಯುಎಲ್‌ನಲ್ಲಿ 8.0 ಆವೃತ್ತಿಯಿಂದ ಇದೆ. ಅದಕ್ಕಿಂತ ಹಳೆಯದಿದ್ದರೆ 'ಗ್ರೂಪ್ ಬೈ' ಮತ್ತು 'ಮ್ಯಾಕ್ಸ್' ಬಳಸಿ ಹೊಸ ದಿನಾಂಕ ತೆಗೆದು, ಅದನ್ನು ಮತ್ತೆ ಮೂಲ ಕೋಷ್ಟಕಕ್ಕೆ ಜೋಡಿಸಿರಿ.

4. ಉತಾರವನ್ನು ಇಡಿಯಾಗಿ ತೆಗೆದುಕೊಳ್ಳಬೇಕು. ಜಂಟಿ ಖಾತೆಯಲ್ಲಿ 9ನೇ ಕಾಲಮ್ಮಿನ ಒಬ್ಬೊಬ್ಬರಿಗೂ 10ನೇ ಕಾಲಮ್ಮಿನಲ್ಲಿ ಬೇರೆ ಬೇರೆ ಎಂ.ಆರ್. (ಹಕ್ಕು ಬದಲಾವಣೆ) ಸಂಖ್ಯೆ ಇರಬಹುದು. ಹೊಸ ಎಂ.ಆರ್. ಇದ್ದವರನ್ನಷ್ಟೇ ಉಳಿಸಿಕೊಂಡರೆ ಪಾಲು ಬದಲಾಗದ ಹಳೆಯ ಹಕ್ಕುದಾರರು ಹೊರಬೀಳುತ್ತಾರೆ. ಈಗ ಜಾರಿಯಲ್ಲಿರುವ ಉತಾರವನ್ನು ಆರಿಸಿ, ಅದರಲ್ಲಿರುವ ಎಲ್ಲರನ್ನೂ ಇಟ್ಟುಕೊಳ್ಳಿರಿ.

5. ತಾಲ್ಲೂಕು ಬದಲಾದದ್ದಕ್ಕೆ ಪ್ರತ್ಯೇಕ ಕೋಷ್ಟಕ ಇಡಬೇಕು. 2017-18ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಲಕ್ಷ್ಮೇಶ್ವರವೂ ಒಂದು. ಹಳೆಯ ಫೈಲುಗಳಲ್ಲಿ ಶಿಗ್ಲಿ, ಸೂರಣಗಿ, ಬಾಲೇಹೊಸೂರು ಶಿರಹಟ್ಟಿ ತಾಲ್ಲೂಕಿನಲ್ಲೇ ಇವೆ. 1997ಕ್ಕೂ ಹಿಂದಿನ ಕಾಗದಗಳಲ್ಲಿ ಜಿಲ್ಲೆ ಧಾರವಾಡ. ಹಳೆಯ ಕೋಡ್, ಹೊಸ ಕೋಡ್ ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿಟ್ಟು ಅದರ ಮೂಲಕ ಜೋಡಿಸಿರಿ.

6. ವಿಸ್ತೀರ್ಣ ಕೂಡಿಸುವ ಮೊದಲು ಗುಂಟೆಗೆ ಇಳಿಸಬೇಕು. 40 ಗುಂಟೆಗೆ 1 ಎಕರೆ. 2 ಎಕರೆ 30 ಗುಂಟೆಗೆ 1 ಎಕರೆ 20 ಗುಂಟೆ ಸೇರಿದರೆ 4 ಎಕರೆ 10 ಗುಂಟೆ. 2.30, 1.20 ಎಂದು ದಶಮಾಂಶದಲ್ಲಿ ಕೂಡಿಸಿದರೆ 3.50 ಎಂಬ ಸುಳ್ಳು ಲೆಕ್ಕ ಬರುತ್ತದೆ.

7. ಪ್ರತಿ ಜೋಡಣೆಯ ಮೊದಲೂ ಆಮೇಲೂ ಸಾಲುಗಳನ್ನು ಎಣಿಸಬೇಕು. ವ್ಯತ್ಯಾಸಕ್ಕೆ ಕಾರಣ ತಿಳಿಯುವವರೆಗೆ ಪಟ್ಟಿ ಮುಂದಕ್ಕೆ ಹೋಗಕೂಡದು.

ಮಾಡಬಾರದ್ದು

1. ರೈತರ ಹೆಸರಿನ ಮೇಲೆ ಜೋಡಿಸಬಾರದು. ಒಂದೇ ಊರಿನಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನ ಹಲವರು ಇರುತ್ತಾರೆ. ಒಬ್ಬರ ಹೆಸರೇ ಮೂರು ಕಡೆ ಮೂರು ಬಗೆಯಾಗಿ ಬರೆದಿರುತ್ತದೆ. ರೈತರಿಗೆ ಎಫ್‌ಐಡಿ, ಹೊಲಕ್ಕೆ ಪೂರ್ತಿ ಗುರುತು. ಇವೆರಡರ ಮೇಲೆ ಮಾತ್ರ ಜೋಡಿಸಿರಿ.

2. ದಿನಾಂಕವನ್ನು ಅಕ್ಷರಗಳಾಗಿ ಇಡಬಾರದು. ಹಾಗಿಟ್ಟರೆ 09-12-2023ಕ್ಕಿಂತ 10-01-2022 ಹೊಸದೆಂದು ತೋರುತ್ತದೆ. ಕಂಪ್ಯೂಟರಿಗೆ ಏರಿಸಿದ ದಿನವನ್ನು ಸಮೀಕ್ಷೆಯ ದಿನವೆಂದೂ ಎಣಿಸಬಾರದು. ದಿನಾಂಕ ಖಾಲಿ ಇರುವ ಸಾಲುಗಳನ್ನು ಬೇರೆ ತೆಗೆದಿಡಿ: ಪೋಸ್ಟ್‌ಗ್ರೆಸ್‌ನಲ್ಲಿ ಇಳಿಕೆ ಕ್ರಮದಲ್ಲಿ ಇಟ್ಟಾಗ ಖಾಲಿ ದಿನಾಂಕವೇ ಎಲ್ಲಕ್ಕಿಂತ ಮೇಲೆ ಬರುತ್ತದೆ.

3. 'ಲೆಫ್ಟ್ ಜಾಯಿನ್' ಮಾಡಿ, ಬಲಗಡೆಯ ಕೋಷ್ಟಕದ ಷರತ್ತನ್ನು 'ವೇರ್'ನಲ್ಲಿ ಹಾಕಬಾರದು. ಹಾಕಿದರೆ ಎಫ್‌ಐಡಿ ಮಾಡಿಸದ ರೈತರೆಲ್ಲ ಸುಳಿವಿಲ್ಲದೆ ಬಿದ್ದುಹೋಗುತ್ತಾರೆ. ಆ ಷರತ್ತು 'ಆನ್'ನಲ್ಲಿರಲಿ.

4. ಸಾಲುಗಳು ಹೆಚ್ಚಾದವೆಂದು 'ಡಿಸ್ಟಿಂಕ್ಟ್' ಹಾಕಿ ಮುಚ್ಚಿಬಿಡಬಾರದು. 4 ಎಕರೆ ಹೊಲಕ್ಕೆ 3 ಜನ ಹಕ್ಕುದಾರರು, 2 ಬೆಳೆ ಇದ್ದರೆ ಜೋಡಿಸಿದಾಗ 6 ಸಾಲು ಬರುತ್ತವೆ. ಹಾಗೇ ಕೂಡಿಸಿದರೆ 24 ಎಕರೆ. ಆರೂ ಸಾಲು ಬೇರೆ ಬೇರೆ ಆಗಿರುವುದರಿಂದ 'ಡಿಸ್ಟಿಂಕ್ಟ್' ಒಂದನ್ನೂ ತೆಗೆಯುವುದಿಲ್ಲ. ಬೆಳೆಯ ವಿಸ್ತೀರ್ಣವನ್ನು ಬೆಳೆಯ ಕೋಷ್ಟಕದಲ್ಲೇ ಕೂಡಿಸಿರಿ.

5. ಹಳೆಯ ಸಾಲುಗಳನ್ನು ಅಳಿಸಬಾರದು. ಹೊಸದನ್ನಷ್ಟೇ ತೋರಿಸುವ 'ವ್ಯೂ' ಮಾಡಿಕೊಳ್ಳಿರಿ. ಮೂಲ ಕೋಷ್ಟಕ ಮುಟ್ಟಬೇಡಿರಿ. ನಾಳೆ ವಾರಸಾ ತಕರಾರು ಬಂದರೆ, ತೀರಿದ ಸಾಲದ ಬೋಜಾ ಇನ್ನೂ ಕಾಣುತ್ತಿದ್ದರೆ, ಯಾವಾಗ ಏನು ಬದಲಾಯಿತು ಎಂಬುದಕ್ಕೆ ಹಳೆಯ ಸಾಲೇ ಸಾಕ್ಷಿ.

6. ಆಧಾರ್, ಬ್ಯಾಂಕ್ ಖಾತೆ ಸಂಖ್ಯೆ ಇರುವ ಫೈಲನ್ನು ವಾಟ್ಸ್ಯಾಪ್ ಗುಂಪಿಗೆ ಹಾಕಬಾರದು.

ಕೊನೆಯದಾಗಿ: ಪಟ್ಟಿಗೆ ಸೇರಿದವರನ್ನು ಎಲ್ಲರೂ ನೋಡುತ್ತಾರೆ, ಜೋಡಣೆಯಲ್ಲಿ ಕೈಬಿಟ್ಟುಹೋದವರನ್ನು ಹುಡುಕಬೇಕಾದವರು ನಾವೇ. ಜೋಡಿಯಾಗದೆ ಉಳಿದ ಸಾಲುಗಳ ಪಟ್ಟಿಯನ್ನು ಪ್ರತಿ ಸಲವೂ ತೆಗೆಯಿರಿ, ಊರಿನವರಿಗೆ ಓದಿ ಹೇಳಿರಿ, ಸರಿಯಾದ ಮೇಲಷ್ಟೇ ಸಹಿ ಮಾಡಿರಿ.